ಮನೆಯ ಪೆಟ್ಟಿಗೆಯಿಂದ ಮರೆಯಾದ ಹಳೆಯ ಚಿತ್ರಗಳು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಯಾವ ಊರಿನಲ್ಲಿ ಕನ್ನಡ ಸಿನಿಮಾದ ಮಾತು ತೆಗೆದರೂ ಅದು ರಾಜ್‌ಕುಮಾರ್ ಅವರ ಹೆಸರಿಗೆ ಬಂದು ನಿಲ್ಲುತ್ತದೆ. ಈ ಸೀಮೆಯವರಿಗೆ ಅವರು ನಮ್ಮೂರಿನ ಮನುಷ್ಯ. ತಂದೆ, ರಂಗನಟ ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲದ ಸಿಂಗಾನಲ್ಲೂರಿನವರು. ಅವರ ಮಗ ಮುತ್ತುರಾಜ 1929ರ ಏಪ್ರಿಲ್ 24ರಂದು ಹುಟ್ಟಿದ್ದು ಗಾಜನೂರಿನಲ್ಲಿ. ಆಗ ಈ ಎರಡೂ ಊರುಗಳು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರಲ್ಲಿ ಭಾಷಾವಾರು ರಾಜ್ಯಗಳು ರಚನೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ಗಾಜನೂರು ಆಚೆಗೇ ಉಳಿಯಿತು. ಇಂದು ಅದು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ತಾಲ್ಲೂಕಿನಲ್ಲಿದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯಾಯಿತು. ಇಲ್ಲಿನ ಜಿಲ್ಲಾ ರಂಗಮಂದಿರಕ್ಕೆ ಇಟ್ಟಿರುವುದೂ ಇದೇ ವರನಟನ ಹೆಸರನ್ನು.

ಇಂಥ ಸೀಮೆಯ ಮನೆಗಳಲ್ಲಿ ಇಂದು ದೂರದರ್ಶನದ ಪೆಟ್ಟಿಗೆ ಹಾಕಿ ಕುಳಿತರೆ ಅವರು ನಾಯಕನಾದ ಮೊದಲ ಚಿತ್ರ, 1954ರ 'ಬೇಡರ ಕಣ್ಣಪ್ಪ' ಎಷ್ಟು ಸಲ ಕಾಣಸಿಗುತ್ತದೆ? 'ರಣಧೀರ ಕಂಠೀರವ', 'ಭಕ್ತ ಕನಕದಾಸ', 'ನಾಂದಿ', 'ಸಂಧ್ಯಾರಾಗ' ಎಷ್ಟು ಸಲ ಬರುತ್ತವೆ? ಪ್ರತಿ ವರ್ಷ ಏಪ್ರಿಲ್ 12ರ ಪುಣ್ಯಸ್ಮರಣೆಗೆ, 24ರ ಹುಟ್ಟುಹಬ್ಬಕ್ಕೆ ವಾಹಿನಿಗಳು ಅವರ ಚಿತ್ರಗಳನ್ನು ಹಾಕುತ್ತವೆ, ನಿಜ. ಆದರೆ ಬಹುಮಟ್ಟಿಗೆ ಅವು ಬಣ್ಣದ ಕಾಲದ ಅದೇ ಕೆಲವು ಚಿತ್ರಗಳು. ಮನೆಮಂದಿಯೆಲ್ಲ ಕುಳಿತು ನೋಡುವ ವಾಹಿನಿ ಎಂದು ಹೇಳಿಕೊಳ್ಳುವವರ ಕಾರ್ಯಕ್ರಮ ಪಟ್ಟಿಯಲ್ಲಿ ಕಪ್ಪುಬಿಳುಪಿನ ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ ಬೆಳಗಿನ ಜಾವ ಅಥವಾ ಯಾರೂ ಕೂರದ ನಡುಹಗಲು. ಸಿನಿಮಾಕ್ಕೆಂದೇ ಮೀಸಲಾದ ವಾಹಿನಿಗಳಲ್ಲೂ ಸಂಜೆಯ ಹೊತ್ತು ಹೊಸ ಚಿತ್ರಗಳದ್ದೇ ರಾಜ್ಯಭಾರ.

ಇದೇಕೆ ಹೀಗೆ? ಕೇಳಿದರೆ ಸಿಗುವ ಉತ್ತರ ಒಂದೇ: 'ಈಗ ಅದನ್ನು ಯಾರು ನೋಡುತ್ತಾರೆ?' ಈ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳುವ ಮೊದಲು ಅದರ ಹಿಂದಿನ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡುವುದು ಒಳ್ಳೆಯದೆಂದು ನಮಗನಿಸುತ್ತದೆ.

ಡಬ್ಬದಲ್ಲಿ ಬಂದ ಚಿತ್ರ

ಸಿನಿಮಾ ಎಂಬುದು ಒಂದು ಕಾಲಕ್ಕೆ ತೂಕವಿರುವ ವಸ್ತುವಾಗಿತ್ತು. ಸಾವಿರ ಅಡಿಯ ಒಂದೊಂದು ರೀಲಿಗೆ ಒಂದೊಂದು ತಗಡಿನ ಡಬ್ಬ. ಹದಿನಾರು ರೀಲಿನ ಚಿತ್ರವೆಂದರೆ ಹದಿನಾರು ಡಬ್ಬ. ಪ್ರಿಂಟ್ ಹಾಕಿಸುವುದು ದುಬಾರಿ ಬಾಬ್ತು, ಹಾಗಾಗಿ ಇರುವ ಕೆಲವೇ ಪ್ರಿಂಟ್‌ಗಳು ಮೊದಲು ಬೆಂಗಳೂರು, ಮೈಸೂರಿನ ಚಿತ್ರಮಂದಿರಗಳಲ್ಲಿ ಓಡಿ, ಅಲ್ಲಿ ಜನ ಕಡಿಮೆಯಾದ ಮೇಲೆ ಗಾಂಧಿನಗರದವರು 'ಬಿ ಸೆಂಟರ್', 'ಸಿ ಸೆಂಟರ್' ಎಂದು ಕರೆಯುವ ಊರುಗಳಿಗೆ ಬರುತ್ತಿದ್ದವು. ಚಾಮರಾಜನಗರ, ಗುಂಡ್ಲುಪೇಟೆಗಳ ಸರದಿ ಬರುತ್ತಿದ್ದದ್ದು ಆಗ. ಅಲ್ಲಿಂದ ಮುಂದೆ ಜಾತ್ರೆಯ ಊರುಗಳ ಟೆಂಟಿಗೆ, ಟೂರಿಂಗ್ ಟಾಕೀಸಿಗೆ.

ಅಷ್ಟು ಹೊತ್ತಿಗೆ ಪ್ರಿಂಟಿನ ತುಂಬ ಗೆರೆ, ಮಳೆ ಸುರಿದಂಥ ಗೀರು. ಹರಿದಲ್ಲೆಲ್ಲ ಕತ್ತರಿಸಿ ಅಂಟಿಸಿದ್ದರಿಂದ ಮಾತಿನ ನಡುವೆ ಮಾತು ಹಾರಿಹೋಗುತ್ತಿತ್ತು. ಆದರೂ ಜನ ನೆಲದ ಮೇಲೆ ಕುಳಿತು ನೋಡಿದರು. ರೇಷ್ಮೆ ಕೆಲಸದವರು, ಬೀಡಿ ಕಟ್ಟುವವರು, ಕೂಲಿಯವರು, ಸಂತೆ ವ್ಯಾಪಾರದ ಸಾಬರು, ಹೊಲ ಮುಗಿಸಿ ಬಂದ ರೈತರು ಒಂದೇ ಟೆಂಟಿನಲ್ಲಿ ಕೂರುತ್ತಿದ್ದ ಕಾಲ ಅದು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಕೇಳುವ ಈ ಗಡಿಸೀಮೆಯಲ್ಲಿ ಪುಸ್ತಕದ ಕನ್ನಡವನ್ನು ಶಾಲೆಗೆ ಹೋಗದವರ ಕಿವಿಗೂ ಮುಟ್ಟಿಸಿದ್ದರಲ್ಲಿ ಈ ಚಿತ್ರಗಳ ಪಾಲು ಸಣ್ಣದಲ್ಲ.

ಒಂದು ಮಾತನ್ನು ಇಲ್ಲಿಯೇ ಗಮನಿಸಬೇಕು. ಚಿತ್ರ ಎಷ್ಟು ಜನಪ್ರಿಯವೋ ಅದರ ಪ್ರಿಂಟ್ ಅಷ್ಟು ಬೇಗ ಸವೆಯುತ್ತಿತ್ತು. ಹೆಚ್ಚು ಜನ ಪ್ರೀತಿಸಿದ ಚಿತ್ರವೇ ಹೆಚ್ಚು ಹಾಳಾಯಿತು. ಮುಂದೆ ಟಿ.ವಿ.ಗೆ ಚಿತ್ರ ಬೇಕಾದಾಗ ಅನೇಕ ಸಂದರ್ಭಗಳಲ್ಲಿ ಕೈಗೆ ಸಿಕ್ಕಿದ್ದು ಇಂಥ ಸವೆದ ಪ್ರಿಂಟೇ.

ಕಪ್ಪುಬಿಳುಪಿನ ಪೆಟ್ಟಿಗೆ, ಬಣ್ಣದ ಪೆಟ್ಟಿಗೆ

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಮರುವರ್ಷವೇ ದೇಶದಲ್ಲಿ ಬಣ್ಣದ ಪ್ರಸಾರ ಶುರುವಾಯಿತಾದರೂ ನಮ್ಮ ಸಣ್ಣ ಊರುಗಳ ಮನೆಗಳಿಗೆ ಬಂದ ಪೆಟ್ಟಿಗೆಗಳು ಬಹುಕಾಲ ಕಪ್ಪುಬಿಳುಪಿನವೇ. ವಾರಕ್ಕೊಂದು ಕನ್ನಡ ಚಿತ್ರ, 'ಚಿತ್ರಮಂಜರಿ'ಯಲ್ಲಿ ಒಂದಷ್ಟು ಹಾಡು. ಓಣಿಗೊಂದು ಟಿ.ವಿ. ಇದ್ದ ಮನೆಯಲ್ಲಿ ಹಿಂದೂ ಮುಸ್ಲಿಂ ಎನ್ನದೆ ಅಕ್ಕಪಕ್ಕದವರೆಲ್ಲ ಸೇರುತ್ತಿದ್ದರು. ಆ ಪೆಟ್ಟಿಗೆಯಲ್ಲಿ 1960ರ ಚಿತ್ರವೂ ಒಂದೇ, 1980ರ ಚಿತ್ರವೂ ಒಂದೇ, ಎರಡೂ ಕಪ್ಪುಬಿಳುಪು! ಹಳೆಯ ಚಿತ್ರ 'ಹಳೆಯದು' ಎಂದು ಕಣ್ಣಿಗೆ ಹೊಡೆದು ಕಾಣತೊಡಗಿದ್ದು ಮನೆಗೆ ಬಣ್ಣದ ಪೆಟ್ಟಿಗೆ ಬಂದ ಮೇಲೆಯೇ.

ದೂರದರ್ಶನಕ್ಕೆ ಇನ್ನೊಂದು ಅನುಕೂಲವಿತ್ತು. ಅದಕ್ಕೆ ಎದುರಾಳಿಯೇ ಇರಲಿಲ್ಲ. ರಾಷ್ಟ್ರೀಯ ಜಾಲದಲ್ಲಿ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಪಡೆದ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ತೋರಿಸುತ್ತಿದ್ದರು. ಊಟ ಮುಗಿಸಿ ಕುಳಿತ ಮಂದಿ ಬಂಗಾಳಿಯನ್ನೋ ಮಲಯಾಳವನ್ನೋ ಅರ್ಥವಾದಷ್ಟು ನೋಡುತ್ತಿದ್ದರು. ಬೇರೆ ಆಯ್ಕೆ ಇಲ್ಲದ್ದರಿಂದ ನೋಡಿದರು ಎಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಅಭಿರುಚಿ ಎಂಬುದು ಬೆಳೆಯುವುದೂ ಕಣ್ಣೆದುರು ಇರುವುದರಿಂದಲೇ. ಬಡಿಸದ ಊಟದ ರುಚಿ ಯಾರಿಗೂ ಹತ್ತುವುದಿಲ್ಲ.

1994ರ ಜೂನ್‌ನಲ್ಲಿ ಉದಯ ಟಿ.ವಿ. ಬಂತು. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿಗೆ ದಿನದ ಗಂಟೆಗಳನ್ನು ತುಂಬಿಸುವುದೇ ದೊಡ್ಡ ಚಿಂತೆ. ಆಗ ಕೈಹಿಡಿದದ್ದು ಸಿನಿಮಾ, ಅದರಲ್ಲೂ ಅಗ್ಗವಾಗಿ ಸಿಗುತ್ತಿದ್ದ ಹಳೆಯ ಸಿನಿಮಾ. ಕೇಬಲ್ ಬಂದ ಮೊದಲ ವರ್ಷಗಳಲ್ಲಿ ಕಪ್ಪುಬಿಳುಪಿನ ಚಿತ್ರಗಳು ಧಾರಾಳವಾಗಿ ಮನೆಯೊಳಗೆ ಬಂದದ್ದು ಹೀಗೆ. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಬಂದವು. ಪೈಪೋಟಿ ಹುಟ್ಟಿತು. ಧಾರಾವಾಹಿ, ಹಾಡಿನ ಸ್ಪರ್ಧೆ, ರಿಯಾಲಿಟಿ ಷೋಗಳು ಸಂಜೆಯನ್ನು ಹಿಡಿದವು. ಸಿನಿಮಾ ವಾರಾಂತ್ಯಕ್ಕೆ ಸರಿಯಿತು. ವಾರಾಂತ್ಯಕ್ಕೆ ಬೇಕಾದದ್ದು ನಿನ್ನೆ ಮೊನ್ನೆ ಬಿಡುಗಡೆಯಾದ ಚಿತ್ರದ 'ಮೊದಲ ಪ್ರಸಾರ'.

ಎಣಿಸಿದವರು ಯಾರನ್ನು?

'ಯಾರು ನೋಡುತ್ತಾರೆ' ಎಂಬ ಪ್ರಶ್ನೆಗೆ ಉತ್ತರ ಕೊಡುವ ಯಂತ್ರವೊಂದಿದೆ. ಆಯ್ದ ಮನೆಗಳ ಟಿ.ವಿ.ಗೆ ಮೀಟರ್ ಅಳವಡಿಸಿ, ಅವರು ಏನು ನೋಡುತ್ತಾರೆ ಎಂಬುದರಿಂದ ಉಳಿದವರ ಇಷ್ಟವನ್ನು ಅಂದಾಜಿಸುವ ಕ್ರಮವಿದು. ಟಿಆರ್‌ಪಿ ಎಂದು ನಾವೆಲ್ಲ ಕೇಳಿರುವುದು ಇದನ್ನೇ. ಬಹುಕಾಲ ಈ ಮೀಟರುಗಳು ಕುಳಿತಿದ್ದದ್ದು ನಗರಗಳ ಮನೆಗಳಲ್ಲಿ. ಹಳ್ಳಿಯ ಮನೆಗಳು ದೇಶಮಟ್ಟದ ಲೆಕ್ಕಕ್ಕೆ ಬಂದದ್ದು 'ಬಾರ್ಕ್' ಸಂಸ್ಥೆ ಕೆಲಸ ಆರಂಭಿಸಿದ 2015ರಲ್ಲಿ.

ನಮ್ಮ ಜಿಲ್ಲೆಯನ್ನೇ ನೋಡೋಣ. 2011ರ ಜನಗಣತಿಯ ಪ್ರಕಾರ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10,20,791. ಇದರಲ್ಲಿ ಪಟ್ಟಣವಾಸಿಗಳು ನೂರಕ್ಕೆ ಸುಮಾರು 17 ಮಂದಿ ಮಾತ್ರ, ಉಳಿದ 83 ಮಂದಿ ಹಳ್ಳಿಯವರು. ಅಂದರೆ ಹಳೆಯ ಚಿತ್ರಗಳನ್ನು ಪಟ್ಟಿಯಿಂದ ಮೆಲ್ಲಗೆ ಕೆಳಗಿಳಿಸಿದ ವರ್ಷಗಳಲ್ಲಿ ಈ ಜಿಲ್ಲೆಯ ಹೆಚ್ಚಿನವರ ಇಷ್ಟಾನಿಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ. ಮತ ಹಾಕದವರ ಹೆಸರಿನಲ್ಲಿ ತೀರ್ಪು ಬರೆದಂತೆ.

ಹಾಗಾದರೆ ಹಳ್ಳಿಯವರು ಲೆಕ್ಕಕ್ಕೆ ಬಂದ ಮೇಲೆ ಹಳೆಯ ಚಿತ್ರಗಳು ಮರಳಿದವೆ? ಇಲ್ಲ. ಆದ್ದರಿಂದ ದೋಷವನ್ನೆಲ್ಲ ಮೀಟರಿನ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಜಾಹೀರಾತುದಾರ ನೋಡುಗರ ತಲೆಗಳನ್ನು ಎಣಿಸಿ ಸುಮ್ಮನಾಗುವುದಿಲ್ಲ, ಅವರ ವಯಸ್ಸನ್ನೂ ಕೊಳ್ಳುವ ಶಕ್ತಿಯನ್ನೂ ಎಣಿಸುತ್ತಾನೆ. ಶಾಂಪೂ, ಮೊಬೈಲು, ಬೈಕು ಮಾರುವವನಿಗೆ ಬೇಕಾದದ್ದು ಹರೆಯದವರು. ಅಜ್ಜ, ದಾದಾ, ನಾನಿಯರು ಎಷ್ಟೇ ಮಂದಿ ಕುಳಿತು ನೋಡಿದರೂ ಆ ಲೆಕ್ಕದಲ್ಲಿ ಅವರ ತೂಕ ಕಡಿಮೆ.

ಸಮಯದ ಲೆಕ್ಕವೂ ಇದೆ. 35 ಮಿಲಿಮೀಟರ್ ಫಿಲ್ಮ್ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಹದಿನಾರು ಸಾವಿರ ಅಡಿಯ ಚಿತ್ರಕ್ಕೆ ಸುಮಾರು 178 ನಿಮಿಷ, ಹತ್ತಿರ ಹತ್ತಿರ ಮೂರು ಗಂಟೆ. ಗಂಟೆಗೆ 12 ನಿಮಿಷ ಜಾಹೀರಾತು ಮತ್ತು ಪ್ರಚಾರಕ್ಕೆ ನಿಯಮದಲ್ಲಿ ಅವಕಾಶವಿದೆ. ಅದನ್ನೂ ಸೇರಿಸಿದರೆ ಮೂರೂವರೆ ಗಂಟೆ ಮೀರುತ್ತದೆ. ಮೂರು ಗಂಟೆಯ ಜಾಗದಲ್ಲಿ ಇದನ್ನು ಹಿಡಿಸಬೇಕಾದರೆ ಕತ್ತರಿ ಹಾಕಬೇಕು. ಹಾಡು ಹೋಗುತ್ತದೆ, ಕಂದ ಹೋಗುತ್ತದೆ, ನಿಧಾನವಾಗಿ ಕಟ್ಟಿದ ದೃಶ್ಯ ಹೋಗುತ್ತದೆ. ಉಳಿದ ತುಂಡನ್ನು ನೋಡಿದ ಹುಡುಗರು 'ಹಳೆಯ ಸಿನಿಮಾ ಅಂದರೆ ಇಷ್ಟೇನಾ?' ಎಂದು ಕೇಳಿದರೆ ತಪ್ಪು ಅವರದಲ್ಲ.

ಹಕ್ಕು ಯಾರದು, ಡಬ್ಬ ಎಲ್ಲಿದೆ?

ಇನ್ನು ಹಕ್ಕಿನ ಮಾತು. ನಮ್ಮ ಕೃತಿಸ್ವಾಮ್ಯ ಕಾನೂನಿನ ದೃಷ್ಟಿಯಲ್ಲಿ ಚಿತ್ರವೊಂದರ ಕರ್ತೃ ಅದರ ನಿರ್ಮಾಪಕ. ನಟನೂ ಅಲ್ಲ, ನಿರ್ದೇಶಕನೂ ಅಲ್ಲ. ಆ ಕಾಲದ ನಿರ್ಮಾಪಕರಲ್ಲಿ ಹಲವರು ಸಾಲ ಮಾಡಿ ಚಿತ್ರ ತೆಗೆದವರು. ಸಾಲ ತೀರದಿದ್ದರೆ ನೆಗೆಟಿವ್ ಹಕ್ಕು ಸಾಲ ಕೊಟ್ಟವರ ಕೈಗೆ. ನಿರ್ಮಾಪಕ ತೀರಿಕೊಂಡ ಮೇಲೆ ಮಕ್ಕಳ ನಡುವೆ ಪಾಲು. ಚಿತ್ರಮಂದಿರದ ಹಕ್ಕು ಒಬ್ಬರಿಗೆ, ವಿಡಿಯೊ ಕ್ಯಾಸೆಟ್ಟಿನ ಹಕ್ಕು ಇನ್ನೊಬ್ಬರಿಗೆ, ಉಪಗ್ರಹ ಪ್ರಸಾರದ ಹಕ್ಕು ಮತ್ತೊಬ್ಬರಿಗೆ. 1960ರಲ್ಲಿ ಬರೆದ ಕರಾರಿನಲ್ಲಿ ಉಪಗ್ರಹ ಎಂಬ ಪದವೇ ಇರಲು ಸಾಧ್ಯವಿಲ್ಲ. ಇಂಥ ಚಿತ್ರವನ್ನು ಪ್ರಸಾರ ಮಾಡಿ ನಾಳೆ ನ್ಯಾಯಾಲಯದ ನೋಟಿಸು ಪಡೆಯುವುದಕ್ಕಿಂತ ಸುಮ್ಮನಿರುವುದೇ ಲೇಸು ಎಂದು ವಾಹಿನಿಯವರು ಎಣಿಸಿದರೆ ಅದು ವ್ಯಾಪಾರದ ಜಾಣತನ. ಮತ್ತೊಂದು ಕಡೆ, ಸಗಟಾಗಿ ಹಕ್ಕು ಕೊಂಡ ವಾಹಿನಿ ತಾನೂ ಹಾಕದೆ ಇತರರಿಗೂ ಕೊಡದೆ ಚಿತ್ರವನ್ನು ಗೋದಾಮಿನಲ್ಲಿ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯೇನೂ ಇಲ್ಲ.

ಆದರೆ ಕಾನೂನು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. ಚಿತ್ರವೊಂದರ ಕೃತಿಸ್ವಾಮ್ಯ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಮಾತ್ರ. 'ಬೇಡರ ಕಣ್ಣಪ್ಪ'ದ ಅವಧಿ 2014ರ ಕೊನೆಗೆ ಮುಗಿಯಿತು. ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ' 1964ರದು, ಅದರ ಅವಧಿ 2024ರ ಕೊನೆಗೆ ಮುಗಿಯಿತು. ಅಂದರೆ 1964ರ ವರೆಗೆ ತೆರೆಕಂಡ ಕನ್ನಡ ಚಿತ್ರಗಳು ಚಿತ್ರಗಳಾಗಿ ಇಂದು ಸಾರ್ವಜನಿಕ ಸ್ವತ್ತು. ಗೀತೆ, ಸಾಹಿತ್ಯ ಬರೆದವರ ಹಕ್ಕು ಬೇರೆಯಾಗಿ ಉಳಿದಿರಬಹುದು, ಅದನ್ನು ಗೌರವಿಸಬೇಕು. ಆದರೂ ಕಾಗದದ ಮೇಲೆ ಈ ಆಸ್ತಿ ನಮ್ಮೆಲ್ಲರದು. ಗುಂಡ್ಲುಪೇಟೆಯ ಶಾಲೆಯದೂ ಹೌದು, ತಾಳವಾಡಿಯ ಕನ್ನಡಿಗನದೂ ಹೌದು.

ಕಾಗದದ ಮೇಲೆ ನಮ್ಮದಾದ ಆಸ್ತಿ ಕೈಗೆ ಮಾತ್ರ ಸಿಗುವುದಿಲ್ಲ. ಏಕೆಂದರೆ ಹಕ್ಕು ಮುಗಿದರೂ ಡಬ್ಬ ಯಾರ ಬಳಿ ಇದೆಯೋ ಬೀಗದ ಕೈ ಅವರದೇ. ಅದಕ್ಕಿಂತ ದೊಡ್ಡ ಕಷ್ಟವೆಂದರೆ ಎಷ್ಟೋ ಡಬ್ಬಗಳೇ ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ನಟಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೆಂಕಿಗೆ ಹತ್ತಿರದ ನೆಂಟ. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆವರಣದಲ್ಲಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಇಂಥ ಎಷ್ಟೋ ಹಳೆಯ ಫಿಲ್ಮುಗಳು ಬೂದಿಯಾದವು. ನೈಟ್ರೇಟಿನ ಜಾಗಕ್ಕೆ ಬಂದ ಅಸಿಟೇಟ್ ಫಿಲ್ಮ್ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಆದರೆ ಸೆಕೆ ಮತ್ತು ತೇವದಲ್ಲಿ ಇಟ್ಟರೆ ವಿನೆಗರ್ ವಾಸನೆ ಹೊಡೆಯುತ್ತ ಮುದುಡಿಹೋಗುತ್ತದೆ. ನಮ್ಮ ಚಿತ್ರಗಳಲ್ಲಿ ಬಹುಪಾಲು ತಯಾರಾದದ್ದೂ ತೊಳೆಯಿಸಿಕೊಂಡದ್ದೂ ಮದರಾಸಿನಲ್ಲಿ. ನೆಗೆಟಿವ್‌ಗಳು ಅಲ್ಲಿನ ಲ್ಯಾಬುಗಳಲ್ಲೇ ಉಳಿದವು. ಬಾಡಿಗೆ ಕಟ್ಟುವವರಿಲ್ಲದೆ, ವಿಚಾರಿಸುವವರಿಲ್ಲದೆ ಕೊಳೆತವು. ಕಪ್ಪುಬಿಳುಪಿನ ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುತ್ತದೆ. ಅದನ್ನು ತೆಗೆಯಲೆಂದು ಕರಗಿಸಿದವರೂ ಉಂಟು. ಡಿಜಿಟಲ್ ಕಾಲ ಬಂದು ಲ್ಯಾಬುಗಳು ಮುಚ್ಚತೊಡಗಿದಾಗ ಉಳಿದಿದ್ದಕ್ಕೂ ಕುತ್ತು ಬಂತು.

ಹೋಲಿಕೆಗೆ ಒಂದು ಸಂಗತಿ ಹೇಳಬೇಕು. ಗುಂಡ್ಲುಪೇಟೆಯ ಬಂಡೀಪುರ ಕಾಡಿನ ಆಚೆ ಬದಿ, ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು ಎಂಬ ಮುಸ್ಲಿಂ ಹುಡುಗ ಮಾವುತನ ಮಗ. ರಾಬರ್ಟ್ ಫ್ಲಾಹರ್ಟಿ ಮೈಸೂರು ಸೀಮೆಯಲ್ಲಿ 'ಎಲಿಫೆಂಟ್ ಬಾಯ್' ಚಿತ್ರ ತೆಗೆಯಲು ಬಂದಾಗ ಈ ಹುಡುಗ ನಾಯಕನಾದ. 1937ರಲ್ಲಿ ತೆರೆಕಂಡ ಆ ಚಿತ್ರ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಸಾಬು ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋಗಿ 1963ರಲ್ಲಿ ತೀರಿಕೊಂಡ. ಇಂದಿಗೂ ಆ ಚಿತ್ರದ ಒಳ್ಳೆಯ ಪ್ರತಿ ಸಿಗುತ್ತದೆ, 2011ರಲ್ಲಿ ಅಮೆರಿಕದಲ್ಲಿ ಅವನ ಚಿತ್ರಗಳದ್ದೇ ಒಂದು ಡಿವಿಡಿ ಸಂಪುಟ ಹೊರಬಂತು. ಮೂರು ವರ್ಷ ಮೊದಲಿನ ನಮ್ಮ 'ಸತಿ ಸುಲೋಚನಾ' ಇಲ್ಲ, ನಮ್ಮ ಕಾಡಿನಲ್ಲಿ ಪರದೇಶದವರು ತೆಗೆದ ಚಿತ್ರ ಇದೆ. ಅಲ್ಲಿ ಡಬ್ಬ ಕಾಯುವವರಿದ್ದರು, ಇಲ್ಲಿ ಇರಲಿಲ್ಲ.

ಬಣ್ಣ ಬಳಿದದ್ದು, ಬಾಗಿಲು ತೆರೆದದ್ದು

ಹಳೆಯದನ್ನು ಹೊಸಬರಿಗೆ ಮುಟ್ಟಿಸುವ ಪ್ರಯತ್ನವೇ ನಡೆದಿಲ್ಲವೆಂದಲ್ಲ. 2004ರಲ್ಲಿ 'ಮೊಘಲ್-ಎ-ಆಜಮ್' ಬಣ್ಣ ಹಚ್ಚಿಕೊಂಡು ಬಂದು ಗೆದ್ದಿತು. ಕನ್ನಡದಲ್ಲಿ 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ತೆರೆಕಂಡವು. ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು. 'ಯಾರು ನೋಡುತ್ತಾರೆ' ಎಂಬ ಪ್ರಶ್ನೆಗೆ ಇದೂ ಒಂದು ಉತ್ತರವೇ. ಆದರೆ ಪ್ರತಿ ಚೌಕಟ್ಟಿಗೂ ಬಣ್ಣ ತುಂಬುವುದು ಕೋಟಿಗಳ ಕೆಲಸ. ಹೆಸರುವಾಸಿಯಾದ ಎರಡು ಮೂರು ಚಿತ್ರಗಳಿಗೆ ಆ ಭಾಗ್ಯ ಬಂದರೆ ಉಳಿದವು ಕತ್ತಲೆಯಲ್ಲೇ ಉಳಿಯುತ್ತವೆ.

ಇದರ ನಡುವೆ ಇನ್ನೊಂದು ಬಾಗಿಲು ತೆರೆಯಿತು. ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ದಶಕಗಳ ಕಾಲ ಚಿತ್ರರಂಗವೇ ತಡೆ ಒಡ್ಡಿತ್ತು. 1960ರ ದಶಕದ ಆರಂಭದ ಆ ಚಳವಳಿಯಲ್ಲಿ ರಾಜ್‌ಕುಮಾರ್ ಕೂಡ ಮುಂದಿದ್ದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ತೀರ್ಪು ಕೊಟ್ಟಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಚಿತ್ರಮಂದಿರಕ್ಕೆ ಬಂತು. ಬಳಿಕ ತೆಲುಗು, ತಮಿಳಿನ ಹೊಸ ಚಿತ್ರಗಳು ಕನ್ನಡ ಮಾತಿನಲ್ಲಿ ವಾಹಿನಿಗಳಿಗೆ ಹರಿದುಬಂದವು. ಡಬ್ಬಿಂಗ್ ಬೇಕೇ ಬೇಡವೇ ಎಂಬುದು ಬೇರೆಯದೇ ಚರ್ಚೆ. ನೋಡುಗನ ಆಯ್ಕೆಯ ದೃಷ್ಟಿಯಿಂದ ಅದಕ್ಕೆ ಸಮರ್ಥನೆಯೂ ಇದೆ. ನಮ್ಮ ವಿಷಯಕ್ಕೆ ಬೇಕಾದ ಮಾತು ಇಷ್ಟೇ: ಬಣ್ಣದ, ಹೊಚ್ಚ ಹೊಸ, ಹಕ್ಕಿನ ಗೊಂದಲವಿಲ್ಲದ ಸರಕು ಸಿಗುವಾಗ ಗೀರು ಬಿದ್ದ ಕಪ್ಪುಬಿಳುಪಿನ ಚಿತ್ರವನ್ನು ಹುಡುಕಿಕೊಂಡು ಹೋಗುವ ವ್ಯಾಪಾರಿ ಅಪರೂಪ.

'ಯೂಟ್ಯೂಬಿನಲ್ಲಿ ಇದೆಯಲ್ಲ, ನೋಡಿಕೊಳ್ಳಿ' ಎನ್ನುವವರಿದ್ದಾರೆ. ಹೌದು, ಹಲವು ಚಿತ್ರಗಳಿವೆ. ಹಳೆಯ ವಿಡಿಯೊ ಟೇಪಿನಿಂದ ಇಳಿಸಿಕೊಂಡ ಮಸುಕು ಪ್ರತಿ, ಮೂಲೆಯಲ್ಲಿ ಕಂಪನಿಯ ಮುದ್ರೆ, ಅಲ್ಲಲ್ಲಿ ಕಾಣೆಯಾದ ಹಾಡು. ಇಂದು ಇದ್ದದ್ದು ನಾಳೆ ಇರುತ್ತದೆಂಬ ಭರವಸೆ ಇಲ್ಲ. ಅಲ್ಲದೆ ಹುಡುಕುವವನಿಗೆ ಮೊದಲು ಹೆಸರಾದರೂ ಗೊತ್ತಿರಬೇಕು. ಹೆಸರೇ ಕೇಳದ ಮಕ್ಕಳು ಏನನ್ನು ಹುಡುಕುತ್ತಾರೆ? ಮನೆಯ ಟಿ.ವಿ.ಯ ಗುಣವಿದ್ದದ್ದೇ ಅಲ್ಲಿ. ಹುಡುಕದಿದ್ದರೂ ಎದುರಿಗೆ ಬರುತ್ತಿತ್ತು.

ನಾವು ಕಳೆದುಕೊಳ್ಳುವುದು

1962ರಲ್ಲಿ 'ಮಹಾತ್ಮ ಕಬೀರ್' ಎಂಬ ಕನ್ನಡ ಚಿತ್ರ ಬಂದಿತ್ತು. ನೇಕಾರರ ಮನೆಯಲ್ಲಿ ಬೆಳೆದು, ಹಿಂದೂಗಳಿಗೂ ಮುಸಲ್ಮಾನರಿಗೂ ಕಟುಸತ್ಯ ಹೇಳಿದ ಆ ಸಂತನ ಪಾತ್ರ ಮಾಡಿದ್ದವರು ರಾಜ್‌ಕುಮಾರ್. ಕೃತಿಸ್ವಾಮ್ಯದ ಅವಧಿ ಮುಗಿದ ಚಿತ್ರಗಳಲ್ಲಿ ಇದೂ ಒಂದು. ಇದನ್ನು ಮನೆಯಲ್ಲಿ ಕುಳಿತು ನೋಡಿದ ನೆನಪು ಓದುಗರಲ್ಲಿ ಎಷ್ಟು ಮಂದಿಗಿದೆ? 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಮಹಮ್ಮದ್ ರಫಿ ಕನ್ನಡದಲ್ಲಿ ಹಾಡಿದ್ದರು. ಹಾಡು ರೇಡಿಯೊದ ದಯದಿಂದ ಉಳಿದಿದೆ, ಚಿತ್ರ ಮರೆತಿದೆ. ಹಾಗೆಂದು ಮರೆವು ಕಪ್ಪುಬಿಳುಪಿಗೆ ಮಾತ್ರ ಅಂಟಿದ ಶಾಪವೂ ಅಲ್ಲ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಪಡೆದ ನಾಗಾಭರಣರ 'ಸಂತ ಶಿಶುನಾಳ ಷರೀಫ', ಬಾನು ಮುಷ್ತಾಕ್ ಅವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿ 2004ರಲ್ಲಿ ತೆಗೆದ 'ಹಸೀನಾ' ಕೂಡ ಹಬ್ಬಕ್ಕೊಮ್ಮೆಯೂ ಕಾಣುವುದಿಲ್ಲ. 2025ರಲ್ಲಿ ಬಾನು ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾಡೆಲ್ಲ ಹೆಮ್ಮೆಪಟ್ಟಿತು. ಅವರ ಕಥೆಯ ಚಿತ್ರ ನಮ್ಮ ಮನೆಗಳಿಗೆ ಎಷ್ಟು ಸಲ ಬಂದಿದೆ ಎಂದು ಕೇಳಿಕೊಳ್ಳಬೇಕು.

ವೈದೇಹಿಯವರ ಕಥೆಯ ಮೇಲೆ ಕಾಸರವಳ್ಳಿ 2008ರಲ್ಲಿ ತೆಗೆದ 'ಗುಲಾಬಿ ಟಾಕೀಸ್'ನ ವಸ್ತುವೇ ಟಿ.ವಿ. ಸಿನಿಮಾದ ಹುಚ್ಚಿರುವ 'ಗುಲಾಬಿ' ಎಂಬ ಮುಸ್ಲಿಂ ಸೂಲಗಿತ್ತಿಯ ಗುಡಿಸಲಿಗೆ ಡಿಷ್ ಸಮೇತ ಟಿ.ವಿ. ಬರುತ್ತದೆ. ಅದರ ಸುತ್ತ ದ್ವೀಪದ ಹೆಂಗಸರು ಜಾತಿಮತ ಮರೆತು ಸೇರುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಹೊರಗಿನ ದ್ವೇಷ ಊರೊಳಗೆ ಬಂದಾಗ ಅದೇ ಮಂದಿ ದೂರ ಸರಿಯುತ್ತಾರೆ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಪೆಟ್ಟಿಗೆ ಜನರನ್ನು ಸೇರಿಸಬಲ್ಲುದು, ಒಡೆಯಲೂ ಬಲ್ಲುದು. ಅದರಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಆದ್ದರಿಂದಲೇ ಸಣ್ಣ ವಿಷಯವಲ್ಲ.

ಹಳೆಯದೆಲ್ಲ ಚಿನ್ನ ಎಂದು ನಾವು ಹೇಳುತ್ತಿಲ್ಲ. ಗಂಡನ ಕಾಲಿಗೆ ಬೀಳುವುದನ್ನೇ ಹೆಣ್ಣಿನ ಧರ್ಮವೆಂದು ಸಾರಿದ ಚಿತ್ರಗಳಿವೆ. ಜಾತಿಯ ಕ್ರೌರ್ಯವನ್ನು ಹಿಂದಿನ ಜನ್ಮದ ಕರ್ಮವೆಂದು ತೇಲಿಸಿದವಿವೆ. ಮುಸ್ಲಿಂ ಪಾತ್ರ ಬಂದರೆ ಹರಕು ಕನ್ನಡ ಆಡಿಸಿ ನಗಿಸಿ ಕಳಿಸಿದ ಚಿತ್ರಗಳೂ ಕಡಿಮೆಯಿಲ್ಲ. ಆದರೆ ಟೀಕಿಸಲಿಕ್ಕಾದರೂ ಚಿತ್ರ ಕಣ್ಣೆದುರಿಗೆ ಬೇಕಲ್ಲ! ನಮ್ಮ ಸಮಾಜ ತನ್ನನ್ನು ತಾನು ಹೇಗೆ ಕಂಡುಕೊಂಡಿತ್ತು, ಯಾರನ್ನು ಒಳಗೆ ಕರೆಯಿತು, ಯಾರನ್ನು ಬಾಗಿಲಲ್ಲಿ ನಿಲ್ಲಿಸಿತು ಎಂಬುದಕ್ಕೆ ಈ ಚಿತ್ರಗಳೇ ದಾಖಲೆ. ಗಡಿಯಾಚೆಯ ತಾಳವಾಡಿಯ ಕನ್ನಡಿಗರಿಗಂತೂ, ಶಾಲೆ ಕಚೇರಿಗಳಲ್ಲಿ ತಮಿಳಿನ ನಡುವೆ ಬದುಕುವವರಿಗೆ, ಕನ್ನಡದ ಪೆಟ್ಟಿಗೆ ಭಾಷೆಯ ಒಂದು ಎಳೆಯೇ ಆಗಿದೆ.

ಆಗಬೇಕಾದದ್ದು

ಖಾಸಗಿ ವಾಹಿನಿ ವ್ಯಾಪಾರಕ್ಕೆ ಕುಳಿತದ್ದು. ಅದನ್ನು ಬೈದು ಪ್ರಯೋಜನವಿಲ್ಲ. ಸಾರ್ವಜನಿಕ ಹಣದಲ್ಲಿ ನಡೆಯುವ ಚಂದನ ವಾಹಿನಿಯನ್ನು ಕೇಳುವ ಹಕ್ಕು ಮಾತ್ರ ನಮಗಿದೆ. ಕೃತಿಸ್ವಾಮ್ಯ ಮುಗಿದ ಚಿತ್ರಗಳ ಪಟ್ಟಿ ಮಾಡಿ, ಸಿಗುವ ಒಳ್ಳೆಯ ಪ್ರತಿಯನ್ನು ಶುದ್ಧಗೊಳಿಸಿ, ವಾರಕ್ಕೊಂದರಂತೆ, ಜನ ಕೂರುವ ಹೊತ್ತಿನಲ್ಲಿ, ಕತ್ತರಿಯಿಲ್ಲದೆ ತೋರಿಸಲಿ. ಮೊದಲು ಐದು ನಿಮಿಷ ತಿಳಿದವರೊಬ್ಬರು ಚಿತ್ರದ ಬಗ್ಗೆ ಹೇಳಲಿ.

ಪ್ರತಿಯನ್ನು ಉಳಿಸುವ ಹೊಣೆ ಸರ್ಕಾರದ್ದು. 2025-26ರ ರಾಜ್ಯ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿಯ ಯೋಜನೆ ಘೋಷಣೆಯಾಯಿತು. ನಾಡಿನ ಬದುಕು, ಚರಿತ್ರೆ, ಸಂಸ್ಕೃತಿಯನ್ನು ಬಿಂಬಿಸುವ ಚಿತ್ರಗಳ ಭಂಡಾರಕ್ಕೆ ಇಟ್ಟದ್ದು 3 ಕೋಟಿ. ಏನೂ ಇಲ್ಲದಿದ್ದ ಕಡೆ ಮೂರು ಕೋಟಿ ಬಂದದ್ದು ಸಂತೋಷವೇ. ಆದರೆ ಮುಂದೆ ತೆಗೆಯಲಿರುವ ಚಿತ್ರಗಳಿಗೂ ತೆಗೆದು ಕಳೆದುಕೊಳ್ಳುತ್ತಿರುವ ಚಿತ್ರಗಳಿಗೂ ನಾವು ಕಟ್ಟಿದ ಬೆಲೆಯ ಅಂತರ ಇದರಿಂದಲೇ ತಿಳಿಯುತ್ತದೆ.

ಆಗದ ಕೆಲಸವೇನಲ್ಲ. ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂತಾದವರು ಸೇರಿ ಅದನ್ನು ಪುನರುಜ್ಜೀವಗೊಳಿಸಿದ್ದರಿಂದ 2024ರಲ್ಲಿ ಆ ಕಪ್ಪುಬಿಳುಪಿನ ಚಿತ್ರ ವೆನಿಸ್ ಉತ್ಸವದ ಅಭಿಜಾತ ಚಿತ್ರಗಳ ಸಾಲಿನಲ್ಲಿ ಹೊಸದರಂತೆ ಬೆಳಗಿತು. ನೋಡುವವರಿಲ್ಲ ಎಂಬ ಮಾತಿಗೂ ಒಂದು ಹಳೆಯ ಉತ್ತರವಿದೆ. 1970ರ ದಶಕದಲ್ಲೇ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಇದೇ ಪುಣೆಯ ಭಂಡಾರದ ಪ್ರತಿಗಳನ್ನು ತರಿಸಿ ಅಡಿಕೆ ತೋಟದ ರೈತರಿಗೆ, ಕೂಲಿಯವರಿಗೆ ಸತ್ಯಜಿತ್ ರಾಯ್, ಕುರೋಸಾವರ ಚಿತ್ರ ತೋರಿಸಿದ್ದರು. ಜಪಾನಿ ಭಾಷೆಯ ಚಿತ್ರವನ್ನು ಮಲೆನಾಡಿನ ಹಳ್ಳಿಯವರು ಕುಳಿತು ನೋಡಿ ಚರ್ಚಿಸಬಲ್ಲರಾದರೆ, ತಮ್ಮದೇ ಭಾಷೆಯ, ತಮ್ಮದೇ ಸೀಮೆಯ ನಟನ ಚಿತ್ರವನ್ನು ಚಾಮರಾಜನಗರದವರು ನೋಡಲಾರರೆ?

ಜಿಲ್ಲಾ ರಂಗಮಂದಿರಕ್ಕೆ ಅವರ ಹೆಸರಿಟ್ಟಿದ್ದೇವೆ. ಅಲ್ಲಿ ತಿಂಗಳಿಗೊಂದು ಸಂಜೆ, ಗುಂಡ್ಲುಪೇಟೆಯ ಯಾವುದಾದರೂ ಶಾಲೆಯಲ್ಲಿ ಇನ್ನೊಂದು ಸಂಜೆ ಇಂಥ ಚಿತ್ರಗಳ ಪ್ರದರ್ಶನ ನಡೆಸಲು ದೊಡ್ಡ ಬಜೆಟ್ ಬೇಡ. 'ಮಹಾತ್ಮ ಕಬೀರ್'ನ ಪ್ರತಿ ಹುಡುಕಿ ತರಿಸಿ ಅದರಿಂದಲೇ ಶುರು ಮಾಡಬಹುದು. ಪ್ರತಿ ಸಿಗದೇ ಹೋದರೆ, ಎಷ್ಟು ತಡವಾಗಿದೆ ಎಂಬುದಾದರೂ ನಮಗೆ ತಿಳಿಯುತ್ತದೆ. ಸಿಕ್ಕರೆ, ಅಂದು ಟೆಂಟಿನ ನೆಲದಲ್ಲಿ ಕುಳಿತು ನೋಡಿದ್ದ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ, ಪಕ್ಕದಲ್ಲಿ ಅವರ ಮೊಮ್ಮಕ್ಕಳಿರಲಿ.